ಸಿಒಸಿ ನವೀಕರಣಕ್ಕೆಂದು ಏಜೆಂಟರ ಕೈಗೆ ಸಿಡಿಸಿ, ಪಾಸ್‌ವರ್ಡ್ ಕೊಡಬೇಡಿ

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಸೈನ್ಯಕ್ಕೆ ಸೇರಿದವರು ಊರೂರಿನಲ್ಲಿ ಇದ್ದಾರೆ, ವ್ಯಾಪಾರಿ ಹಡಗಿಗೆ ಸೇರಿದವರು ಕಡಿಮೆ. ಹೀಗಾಗಿ ಸಿಒಸಿ (ಹಡಗಿನ ಅಧಿಕಾರಿಯ ಅರ್ಹತಾ ಪ್ರಮಾಣಪತ್ರ, ಅಂದರೆ ಲೈಸೆನ್ಸ್), ಸಿಡಿಸಿ (ನಾವಿಕನ ಗುರುತು ಮತ್ತು ಸಮುದ್ರ ಸೇವೆಯ ದಾಖಲೆ ಪುಸ್ತಕ), ಎಂಡಾರ್ಸ್‌ಮೆಂಟು (ಟ್ಯಾಂಕರಿನಂಥ ವಿಶೇಷ ಹಡಗಿನಲ್ಲಿ ಕೆಲಸ ಮಾಡಲು ಬೇಕಾದ ಹೆಚ್ಚುವರಿ ಅರ್ಹತೆ) ಇವುಗಳ ವಿಷಯದಲ್ಲಿ ಸಂಶಯ ಬಂದರೆ ಕೇಳುವುದಕ್ಕೆ ಅನುಭವವಿರುವ ಹಿರಿಯರು ಹತ್ತಿರದಲ್ಲಿ ಸಿಗುವುದಿಲ್ಲ. ಆ ಜಾಗದಲ್ಲಿ ಏಜೆಂಟರು ಬಂದು ಕೂರುತ್ತಾರೆ. ಕಳೆದ ವರ್ಷ ನನಗೆ ಆದದ್ದು ಅಥಣಿ, ಚಿಕ್ಕೋಡಿ, ಗೋಕಾಕ ಕಡೆಯ ಹುಡುಗರಿಗೆ ಆಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ತೈಲ ಟ್ಯಾಂಕರ್ ಹಡಗಿನಲ್ಲಿ ಥರ್ಡ್ ಆಫೀಸರ್. ಎಂಟು ತಿಂಗಳ ಕಾಂಟ್ರ್ಯಾಕ್ಟ್ ಮುಗಿಸಿ ಏಪ್ರಿಲ್‌ನಲ್ಲಿ ಅಥಣಿಗೆ ಬಂದಾಗ ನನ್ನ ಬಳಿ ಇದ್ದ ಸೆಕೆಂಡ್ ಮೇಟ್ ದರ್ಜೆಯ ಸಿಒಸಿಯ ಅವಧಿ ಮುಗಿಯಲು ಎರಡು ತಿಂಗಳೂ ಉಳಿದಿರಲಿಲ್ಲ. ಸಿಒಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಒಟ್ಟು 12 ತಿಂಗಳು, ಇಲ್ಲವೇ ಹಿಂದಿನ ಆರು ತಿಂಗಳಲ್ಲಿ 3 ತಿಂಗಳು ಸಮುದ್ರ ಸೇವೆ ಇರಬೇಕು. ನನಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸೇವೆ ಇತ್ತು, ವೈದ್ಯಕೀಯ ಪ್ರಮಾಣಪತ್ರವೂ ಚಾಲ್ತಿಯಲ್ಲಿತ್ತು. ನಾನು ಗಮನಿಸದೆ ಬಿಟ್ಟದ್ದು ಪಿಎಸ್‌ಟಿ (ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು) ಮತ್ತು ಎಫ್‌ಪಿಎಫ್‌ಎಫ್ (ಬೆಂಕಿ ತಡೆಯುವುದು, ನಂದಿಸುವುದು) ಎಂಬ ಎರಡು ತರಬೇತಿಗಳ ರಿಫ್ರೆಶರ್ ಕೋರ್ಸನ್ನು. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರ ಮನಿಲಾ ತಿದ್ದುಪಡಿಗಳು ಬಂದ ಮೇಲೆ, ಈ ಎರಡು ಸಾಮರ್ಥ್ಯಗಳು ಉಳಿದಿವೆಯೆಂದು ಐದು ವರ್ಷಕ್ಕೊಮ್ಮೆ ತೋರಿಸಲೇಬೇಕು. ಮುಂಬೈಯ ಸಂಸ್ಥೆಗಳಲ್ಲಿ ವಿಚಾರಿಸಿದರೆ ಮುಂದಿನ ತಿಂಗಳವರೆಗೆ ಸೀಟು ಇರಲಿಲ್ಲ, ಹಡಗಿನ ಕಂಪನಿಯವರು ಜಾಯಿನಿಂಗ್ ದಿನಾಂಕ ಕೇಳುತ್ತಿದ್ದರು.

ಆ ಅವಸರದಲ್ಲಿ ಸಂಬಂಧಿಕರೊಬ್ಬರು ಬೆಳಗಾವಿಯ ಏಜೆಂಟರೊಬ್ಬರ ಹೆಸರು ಹೇಳಿದರು. ಹೋಗಿ ಕಂಡೆ. "ನೀವೇನ್ ಮುಂಬೈಕ್ ಅಡ್ಡಾಡೂದ್ ಬ್ಯಾಡ್ರಿ ಸರ್, ಎಲ್ಲಾ ನಾವ ಮಾಡಿಸಿ ಕೊಡ್ತೀವಿ" ಎಂದರು. 42,000 ರೂಪಾಯಿ, ಮೂಲ ಸಿಡಿಸಿ, ಮೂಲ ಸಿಒಸಿ, ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯ) ಜಾಲತಾಣದ ನನ್ನ ಪಾಸ್‌ವರ್ಡ್, ಇಷ್ಟನ್ನೂ ಕೊಟ್ಟೆ. ಓಟಿಪಿಗಾಗಿ ಪದೇ ಪದೇ ಫೋನ್ ಮಾಡುವ ತೊಂದರೆ ಬೇಡವೆಂದು ನನ್ನ ಪ್ರೊಫೈಲಿನಲ್ಲಿದ್ದ ಮೊಬೈಲ್ ಸಂಖ್ಯೆಯನ್ನು ತೆಗೆದು ತಮ್ಮದನ್ನು ಹಾಕಿಕೊಂಡರು. ನನ್ನ ಕಣ್ಣೆದುರಿಗೇ ಹಾಕಿದರು, ನಾನು ಬೇಡವೆನ್ನಲಿಲ್ಲ.

ರಿಫ್ರೆಶರ್ ಬಗ್ಗೆ ಕೇಳಿದಾಗ, ಹಳೆಯ ಕೋರ್ಸಿನ ಆಧಾರದ ಮೇಲೆ ಸಂಸ್ಥೆಯವರೇ ನವೀಕರಿಸಿ ಕೊಡುತ್ತಾರೆ, ಈಗ ಹಾಜರಾತಿ ಬೇಕಿಲ್ಲ ಎಂದರು. ನಾನು ಅಲ್ಲಿಯೇ ಎದ್ದು ಬರಬೇಕಿತ್ತು. ಈ ಎರಡು ತರಬೇತಿಗಳು ಕಾಗದದ ಮೇಲೆ ಆಗುವಂಥವಲ್ಲ. ಲೈಫ್‌ಜಾಕೆಟ್ ತೊಟ್ಟು ನೀರಿಗೆ ಜಿಗಿಯಬೇಕು, ಮಗುಚಿ ಬಿದ್ದ ಲೈಫ್‌ರಾಫ್ಟಿನ ಪಟ್ಟಿಯನ್ನು ಹಿಡಿದು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಅದನ್ನು ನೆಟ್ಟಗೆ ತಿರುಗಿಸಬೇಕು, ಉಸಿರಾಟದ ಸಿಲಿಂಡರ್ ಹೊತ್ತು ಹೊಗೆ ತುಂಬಿದ ಕೋಣೆಗೆ ನುಗ್ಗಬೇಕು. ಕೆಡೆಟ್ ಆಗಿದ್ದಾಗ ಇದನ್ನೆಲ್ಲ ಮಾಡಿದವನು ನಾನು. ಆದರೂ, ನಾನು ಸಮುದ್ರದಲ್ಲಿದ್ದಾಗ ನಿಯಮ ಬದಲಾಗಿರಬಹುದು ಎಂದುಕೊಂಡು ಸುಮ್ಮನಾದೆ.

ಮೂರು ವಾರಗಳ ನಂತರ ಮೂಲ ದಾಖಲೆಗಳ ಪರಿಶೀಲನೆಗೆ ಕರೆ ಬಂತು. ಹೊರಡುವ ಹಿಂದಿನ ಸಂಜೆ ಏಜೆಂಟರು ಸಿಡಿಸಿಯನ್ನೂ ಒಂದು ಮುಚ್ಚಿದ ಲಕೋಟೆಯನ್ನೂ ಕೊಟ್ಟರು. ರಾತ್ರಿ ಬಸ್ಸಿಗೆ ಮುಂಬೈಗೆ ಹೋದೆ. ಡಿಜಿ ಶಿಪ್ಪಿಂಗ್ ಅಡಿಯ ಮರ್ಕಂಟೈಲ್ ಮರೀನ್ ಡಿಪಾರ್ಟ್‌ಮೆಂಟಿನ ಕಚೇರಿಯಲ್ಲಿ ಅಧಿಕಾರಿಯವರು ಲಕೋಟೆಯೊಳಗಿನ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ನನ್ನ ಸಿಡಿಸಿಯ ಕೊನೆಯ ಪುಟವನ್ನು ತೆರೆದರು. ನಾನು ಪಿಎಸ್‌ಟಿ ರಿಫ್ರೆಶರ್‌ಗೆ ಹಾಜರಾಗಿದ್ದೇನೆ ಎಂದು ಆ ಪ್ರಮಾಣಪತ್ರದಲ್ಲಿದ್ದ ದಿನಾಂಕ ಮಾರ್ಚ್ ತಿಂಗಳಿನದು. ಸಿಡಿಸಿಯಲ್ಲಿ ಹಡಗಿನ ಮೊಹರು, ಕ್ಯಾಪ್ಟನ್ನರ ಸಹಿಯೊಂದಿಗೆ ಇದ್ದ ಸೈನ್ ಆಫ್ (ಹಡಗಿನಿಂದ ಇಳಿದ) ದಿನಾಂಕ ಏಪ್ರಿಲ್ ತಿಂಗಳಿನದು. ಅಂದರೆ ಕೋರ್ಸಿನ ದಿನ ನಾನು ನಡುಸಮುದ್ರದಲ್ಲಿ ವಾಚ್ (ಕಾವಲು ಪಾಳಿ) ಮಾಡುತ್ತಿದ್ದೆ. ಅವರು ಏನೂ ಮಾತನಾಡದೆ ಎರಡೂ ದಿನಾಂಕಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಪ್ರತಿ ನಾವಿಕನಿಗೂ ಕೊಡುವ ಇಂಡೋಸ್ ಎಂಬ ಗುರುತು ಸಂಖ್ಯೆಯಡಿ ಇರುವ ನನ್ನ ದಾಖಲೆಯಲ್ಲಿ ಅಂಥ ಕೋರ್ಸೇ ಇರಲಿಲ್ಲ.

ಅರ್ಜಿ ಹೋಗಿದ್ದು ನನ್ನ ಲಾಗಿನ್‌ನಿಂದ, ಅದರಲ್ಲಿದ್ದ ಘೋಷಣೆ ನನ್ನ ಹೆಸರಿನದು. ಮಾಡಿದವರು ಬೇರೆಯವರು ಎಂದು ನಾನು ಎಷ್ಟು ಹೇಳಿದರೂ, ಸುಳ್ಳು ಪ್ರಮಾಣಪತ್ರ ಸಲ್ಲಿಸಿದವನು ದಾಖಲೆಯ ಪ್ರಕಾರ ನಾನೇ ಆಗಿದ್ದೆ. ಲಿಖಿತ ವಿವರಣೆ ಕೊಟ್ಟೆ, ಬೆಳಗಾವಿಗೆ ಮರಳಿ ಪೊಲೀಸರಿಗೆ ದೂರು ಕೊಟ್ಟೆ. ಇನ್ನೂ ಹಣ ಬರಬೇಕೆಂದು ಹೇಳಿ ಏಜೆಂಟರು ಹಿಡಿದಿಟ್ಟುಕೊಂಡಿದ್ದ ಮೂಲ ಸಿಒಸಿ ದೂರಿನ ನಂತರವೇ ಕೈಗೆ ಬಂತು. ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು, ಹಡಗು ಬೇರೆಯವರಿಗೆ ಹೋಗಿತ್ತು. ಆರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿದ್ದೆ. ಮುಂದೆ ಫಸ್ಟ್ ಮೇಟ್ ಪರೀಕ್ಷೆಗೆ ಅರ್ಜಿ ಹಾಕಿದಾಗಲೂ ನೋಡುವುದು ಇದೇ ಇಂಡೋಸ್ ದಾಖಲೆಯನ್ನೇ ಎಂಬ ಚಿಂತೆ ಇನ್ನೂ ಹೋಗಿಲ್ಲ. ಸಮುದ್ರ ಸೇವೆಯಲ್ಲಿ ಒಂದು ದಿನದ ಕೊರತೆಯೂ ಇಲ್ಲದವನಿಗೆ ಹೀಗಾಯಿತು.

ಈಗ ನಾನು ಪ್ರತಿ ಸಲ ಹಡಗು ಹತ್ತುವ ಮುಂಚೆಯೇ ಎಲ್ಲ ಪತ್ರಗಳ ಅಂತಿಮ ದಿನಾಂಕ ನೋಡುತ್ತೇನೆ, ಏಕೆಂದರೆ ಎಂಟು ತಿಂಗಳ ಕಾಂಟ್ರ್ಯಾಕ್ಟ್ ಸಮಯವನ್ನೆಲ್ಲ ನುಂಗಿಬಿಡುತ್ತದೆ. ಸಿಒಸಿಯೊಂದನ್ನೇ ನೋಡಿದರೆ ಸಾಲದು. ವೈದ್ಯಕೀಯ ಪ್ರಮಾಣಪತ್ರ ಎರಡು ವರ್ಷದ್ದು. ಟ್ಯಾಂಕರ್ ಎಂಡಾರ್ಸ್‌ಮೆಂಟಿಗೆ ಬೇರೆಯದೇ ಲೆಕ್ಕವಿದೆ: ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 3 ತಿಂಗಳು ಟ್ಯಾಂಕರಿನಲ್ಲೇ ಕೆಲಸ ಮಾಡಿರಬೇಕು, ಇಲ್ಲವಾದರೆ ಕೋರ್ಸನ್ನು ಮತ್ತೆ ಮಾಡಬೇಕು, ಬಲ್ಕ್ ಕ್ಯಾರಿಯರ್, ಕಂಟೇನರ್ ಹಡಗುಗಳಿಗೆ ಹೋದವರು ಇದನ್ನು ಮರೆತೇಬಿಡುತ್ತಾರೆ. ರಿಫ್ರೆಶರ್ ಸೀಟನ್ನು ಹಡಗಿನಿಂದಲೇ ಕಾಯ್ದಿರಿಸಿ. ಅರ್ಜಿ ತುಂಬಲು ಯಾರದಾದರೂ ಸಹಾಯ ಬೇಕಾದರೆ ಪಕ್ಕದಲ್ಲಿ ಕೂತು ತುಂಬಿಸಿಕೊಳ್ಳಿ, ಮೂಲ ಪತ್ರಗಳು ನಿಮ್ಮ ಚೀಲದಲ್ಲೇ ಇರಲಿ.

ಈಗಾಗಲೇ ಯಾರಿಗಾದರೂ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಪ್ರೊಫೈಲ್ ತೆರೆದು, ಅಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಹೌದೋ ಅಲ್ಲವೋ ನೋಡಿ, ಪಾಸ್‌ವರ್ಡ್ ಬದಲಿಸಿ. ನೀವು ಮಾಡದ ಕೋರ್ಸಿನ ಪ್ರಮಾಣಪತ್ರ ನಿಮ್ಮ ಅರ್ಜಿಯೊಂದಿಗೆ ಹೋಗಿದ್ದರೆ, ಪರಿಶೀಲನೆಯ ದಿನದವರೆಗೆ ಕಾಯದೆ ಕಚೇರಿಗೆ ನೀವೇ ಬರೆದು ತಿಳಿಸಿ.