399 ರೂಪಾಯಿಯ ಮೆನಿಕ್ಯೂರ್ ಕಿಟ್ಟೂ ನನ್ನ ಹತ್ತು ಬೆರಳೂ

ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ದಾವಣಗೆರೆ ವಿನೋಬನಗರದಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಸ್ಯಾಂಪಲ್ ಹಿಡಿದು ತೋರಿಸುವಾಗ ಬಂದವರ ಕಣ್ಣು ಕುಚ್ಚಿಗಿಂತ ಮೊದಲು ನನ್ನ ಕೈ ಮೇಲೆ ಬೀಳುತ್ತದೆ. ಅದು ಹೋಗಲಿ ಅಂದರೂ, ಉಗುರು ಒಂಚೂರು ಸೀಳಿದ್ದರೆ ರೇಷ್ಮೆ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಎಳೆ ಎದ್ದರೂ ಸೆರಗಿನ ಮೇಲೆ ಗೆರೆ ಕಾಣುತ್ತದೆ. ಸೂಜಿ ಮೊಂಡಾದರೆ ಬೇರೆ ಸೂಜಿ ತಗೋಬಹುದು. ಉಗುರಿಗೆ ಏನು ಮಾಡೋದು?

ಪಾರ್ಲರಿಗೆ ಹೋದರೆ ಪ್ರತಿ ಸಲ 500 ರೂಪಾಯಿ, ಜೊತೆಗೆ ಅರ್ಧ ದಿನ. ಹಾಗಾಗಿ ಯುಗಾದಿ ಹೊತ್ತಿಗೆ ಆನ್‌ಲೈನಲ್ಲಿ ಈ ಕಿಟ್ ತರಿಸಿದೆ. ಡಬ್ಬದ ಮೇಲೆ '24 ವಸ್ತುಗಳು' ಅಂತ ದೊಡ್ಡದಾಗಿ ಬರೆದಿತ್ತು. ಎಣಿಸಿದೆ. ಗೆರೆ ಎಳೆಯಲು ದಾರದಷ್ಟು ಸಣ್ಣ ಟೇಪಿನ ಸುರುಳಿಗಳೇ ಹತ್ತು! ಚುಕ್ಕಿ ಇಡುವ ಕಡ್ಡಿ ಐದು, ಬ್ರಷ್ ಮೂರು. ಉಳಿದದ್ದು ಅರ, ಉಗುರು ಉಜ್ಜಿ ಹೊಳಪು ಕೊಡುವ ಬಫರ್, ಚರ್ಮ ಒತ್ತುವ ಕಡ್ಡಿ, ಚರ್ಮ ಕತ್ತರಿಸುವ ಪುಟ್ಟ ನಿಪ್ಪರ್, ನೇಲ್ ಕಟರ್, ರಿಮೂವರ್ ಬಾಟಲಿ. ಲೆಕ್ಕ ಸರಿ ಇದೆ. ನೇಲ್ ಪಾಲಿಶ್ ಮಾತ್ರ ಒಂದೂ ಇಲ್ಲ.

ಕಬ್ಬಿಣದ ಆ ಅರ ನೇರವಾಗಿ ಕಸದ ಬುಟ್ಟಿಗೆ ಹೋಯಿತು. ಉಗುರು ಅಂದರೆ ಪದರದ ಮೇಲೆ ಪದರ. ಒರಟು ಅರದಲ್ಲಿ ಗರಗಸದ ಹಾಗೆ ಹಿಂದೆ ಮುಂದೆ ಉಜ್ಜಿದರೆ ಪದರ ಬಿಡುತ್ತದೆ, ಮತ್ತೆ ಅಲ್ಲೇ ಎಳೆ ಸಿಕ್ಕಿಕೊಳ್ಳುತ್ತದೆ. ಮಂಡಿಪೇಟೆಯ ಫ್ಯಾನ್ಸಿ ಸ್ಟೋರಲ್ಲಿ 120 ರೂಪಾಯಿ ಕೊಟ್ಟು ಗಾಜಿನ ಅರ ತಂದೆ. ಅಂಚಿನಿಂದ ನಡುವಿಗೆ, ಒಂದೇ ದಿಕ್ಕಿಗೆ ಉಜ್ಜಬೇಕು. ಪಾತ್ರೆ ತೊಳೆದ ತಕ್ಷಣ ಬೇಡ, ನೀರು ಕುಡಿದ ಉಗುರು ಮೆತ್ತಗಿರುತ್ತದೆ. ಮಂಗಳವಾರ, ಶುಕ್ರವಾರ ಮತ್ತು ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದು ಅನ್ನುವುದು ನಮ್ಮ ಅತ್ತೆಯ ಕಾನೂನು. ಅರ ಹಾಕುವುದು ಕತ್ತರಿಸಿದ ಹಾಗೆ ಆಗುತ್ತಾ ಇಲ್ವಾ ಅಂತ ಒಂದು ವಾರ ಚರ್ಚೆ ನಡೆಯಿತು. ಕೊನೆಗೆ ಆಗಲ್ಲ ಅಂತ ಅವರೇ ತೀರ್ಪು ಕೊಟ್ಟರು.

ಇನ್ನು ನಿಪ್ಪರ್. ಉಗುರಿನ ಬುಡದಲ್ಲಿ ತೆಳ್ಳಗೆ ಚರ್ಮ ಇರುತ್ತದಲ್ವಾ, ಅದನ್ನು ಕತ್ತರಿಸಿದರೆ ಉಗುರು ಉದ್ದ ಕಾಣುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಶನಿವಾರ ರಾತ್ರಿ ಕೂತು ಹತ್ತೂ ಬೆರಳಿನದು ಕತ್ತರಿಸಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ಭಾನುವಾರ ಸಂಜೆ ಮಂಡಕ್ಕಿ, ಮಿರ್ಚಿ. ಹತ್ತು ಹಸಿಮೆಣಸಿನಕಾಯಿ ಸೀಳುವಷ್ಟರಲ್ಲಿ ಬೆರಳು ಧಗಧಗ ಉರಿಯಲು ಶುರುವಾಯಿತು. ಮೊಸರು ಹಚ್ಚಿದೆ, ಎಣ್ಣೆ ಹಚ್ಚಿದೆ, ರಾತ್ರಿಯೆಲ್ಲಾ ಊದಿಕೊಂಡು ಕೂತೆ. ಮೂರನೇ ದಿನ ಬಲಗೈ ತೋರುಬೆರಳಿಗೆ ಉಗುರುಸುತ್ತು. ಅತ್ತೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿ ಹಾಕಿದರು. ಅದಕ್ಕೂ ಬಗ್ಗಲಿಲ್ಲ, ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಗೊಂಡೆ. ಆ ಚರ್ಮ ಸುಮ್ನೆ ಇರೋದಲ್ಲ, ಬಾಗಿಲ ಸಂದಿ ಮುಚ್ಚಿದ ಹಾಗೆ ಕೊಳೆ ಒಳಗೆ ಹೋಗದಂತೆ ತಡೆಯುತ್ತದೆ ಅಂತ ಅವರು ಬೈದರು. ಐದು ದಿನ ಕುಚ್ಚು ಕಟ್ಟಲಾಗಲಿಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಕಥೆ ನನ್ನದು. ಈಗ ಸ್ನಾನ ಆದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಟವೆಲ್ ತುದಿಯಲ್ಲಿ ಮೆಲ್ಲಗೆ ಹಿಂದಕ್ಕೆ ಒತ್ತುತ್ತೇನೆ. ಅಷ್ಟೇ ಸಾಕು.

ಬಫರ್ ಪರವಾಗಿಲ್ಲ. ತಿಂಗಳಿಗೊಮ್ಮೆ ಮಾತ್ರ. ಜಾಸ್ತಿ ಉಜ್ಜಿದರೆ ಉಗುರು ತೆಳ್ಳಗಾಗುತ್ತದೆ. ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್, ಹಾಳು ಮಾಡಿಕೊಂಡರೆ ಆರು ತಿಂಗಳು ಕಾಯಬೇಕು.

ಪಾಲಿಶ್ ಹಚ್ಚುವುದರಲ್ಲಿ ಮೂರು ಸಲ ಸೋತೆ. ಮೊದಲ ಸಲ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು, ಕೈ ತೊಳೆದು, ಹಚ್ಚಿದೆ. ಮರುದಿನ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಉಗುರಿನ ಮೇಲೆ ಜಿಡ್ಡಿನ ಪಸೆ ಇದ್ದರೆ ಪಾಲಿಶ್ ಹಿಡಿಯುವುದಿಲ್ಲ. ನಮ್ಮೂರ ಬೆಣ್ಣೆ ಸಾಮಾನ್ಯದ್ದಾ? ಈಗ ಮೊದಲು ರಿಮೂವರ್ ಮುಟ್ಟಿಸಿದ ಹತ್ತಿಯಲ್ಲಿ ಒರೆಸುತ್ತೇನೆ. ಎರಡನೇ ಸಲ, ಬಣ್ಣಕ್ಕೆ ಮೊದಲು ಹಚ್ಚುವ ಬೇಸ್ ಕೋಟ್ ಇಲ್ಲದೆ ಕುಂಕುಮಗೆಂಪು ಹಚ್ಚಿದ್ದೆ. ತೆಗೆದಾಗ ಅರಿಶಿನ ಮೆತ್ತಿದ ಹಾಗೆ ಉಗುರೆಲ್ಲಾ ಹಳದಿ. ಮೂರನೇ ಸಲ ಏಪ್ರಿಲ್ ಸೆಕೆಗೆ ಫ್ಯಾನ್ ಜೋರಾಗಿಟ್ಟು ಕೂತೆ. ಮೇಲೆ ಹಾಲಿನ ಕೆನೆ ಹಾಗೆ ಕಟ್ಟಿತು, ಒಳಗೆ ಹಸಿ. ಒಣಗಿದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಬೆಡ್‌ಶೀಟಿನ ನೇಯ್ಗೆ, ಒಂದೊಂದು ಎಳೆಯೂ ಎಣಿಸುವ ಹಾಗೆ, ಹೆಬ್ಬೆರಳ ಮೇಲೆ ಅಚ್ಚಾಗಿತ್ತು. ಈಗ ತೆಳ್ಳಗೆ ಎರಡೇ ಕೋಟ್, ನಡುವೆ ಐದು ನಿಮಿಷ, ಉಗುರಿನ ತುದಿಯ ಅಂಚಿಗೂ ಒಂದು ಗೆರೆ. ಬಾಟಲಿ ಕುಲುಕುವುದಿಲ್ಲ, ಗುಳ್ಳೆ ಏಳುತ್ತದೆ. ಅಂಗೈ ನಡುವೆ ಇಟ್ಟು ಕಡೆಗೋಲಿನ ಹಾಗೆ ಉರುಳಿಸುತ್ತೇನೆ.

ಕಿಟ್ಟಿನ ಮಾನ ಉಳಿಸಿದ್ದು ಚುಕ್ಕಿ ಕಡ್ಡಿ ಮತ್ತು ಟೇಪು. ಕೆಳಗಿನ ಬಣ್ಣ ಪೂರ್ತಿ ಒಣಗಿದ ಮೇಲೆ ಟೇಪನ್ನು ಓರೆಯಾಗಿ ಅಂಟಿಸಿ, ಮೇಲೆ ಬೇರೆ ಬಣ್ಣ ಹಚ್ಚಿ, ಅದು ಹಸಿ ಇರುವಾಗಲೇ ಎಳೆದರೆ ಸೀರೆಯ ಗೋಪುರದ ಅಂಚು ಬರುತ್ತದೆ. ತಡ ಮಾಡಿದರೆ ಅಂಚು ಹರಿದು ಬರುತ್ತದೆ. ಬ್ರಷ್‌ಗಳು ಮಾತ್ರ ಕೂದಲು ಉದುರಿಸುತ್ತವೆ. ಚುಕ್ಕಿ ರಂಗೋಲಿ ಹಾಕುವವರಿಗೆ ಇದೆಲ್ಲಾ ಲೆಕ್ಕಕ್ಕಿಲ್ಲ, ಎಡಗೈಯಲ್ಲಿ ಬಲಗೈಗೆ ಹಾಕುವಾಗ ಮಾತ್ರ ದೇವರೇ ಗತಿ. ನಾನು ಬಲಗೈಗೆ ಉಂಗುರದ ಬೆರಳಿಗಷ್ಟೇ ಮೂರು ಚುಕ್ಕಿ ಇಟ್ಟು ಬಿಡುತ್ತೇನೆ. ಸ್ಟೈಲ್ ಅಂದುಕೊಳ್ಳುತ್ತಾರೆ.

ರಿಮೂವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿರುವುದು ಅಸಿಟೋನ್. ಗಿರಾಕಿಯ ಸೀರೆ ಪಕ್ಕದಲ್ಲೇ ಕೂತು ಪಾಲಿಶ್ ತೆಗೆಯುತ್ತಿದ್ದೆ, ತಪ್ಪು ನನ್ನದೇ. ಎರಡು ಹನಿ ಕುಚ್ಚಿನ ಮೇಲೆ ಬಿತ್ತು. ದಾರಕ್ಕೆ ಏನೂ ಆಗಲಿಲ್ಲ. ಪ್ಲಾಸ್ಟಿಕ್ ಮುತ್ತುಗಳು ಮಾತ್ರ ಹೊಳಪು ಹೋಗಿ, ಬೆರಳಿಗೆ ಅಂಟುವಷ್ಟು ಮೆತ್ತಗಾದವು. ಹನ್ನೆರಡು ಕುಚ್ಚು ಬಿಚ್ಚಿ ಹೊಸದಾಗಿ ಕಟ್ಟಿದೆ.

ಮಗಳು ಈಗ ಲ್ಯಾಂಪ್ ಇಟ್ಟು ಒಣಗಿಸುವ ಜೆಲ್ ಕಿಟ್ ಬೇಕು ಅನ್ನುತ್ತಿದ್ದಾಳೆ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು, ಒಮ್ಮೆ ಬಂದರೆ ಅದು ಜೀವನಪೂರ್ತಿ ಉಳಿಯುತ್ತದೆ. ಬೇಡ ಅಂದಿದ್ದೇನೆ. ಮುಖ ಊದಿಸಿಕೊಂಡಿದ್ದಾಳೆ, ಇರಲಿ.

ನನ್ನ 399 ರೂಪಾಯಿಯ ಕಿಟ್ಟಿಗೆ ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಅರ್ಧ ಅಂಕ ನಿಪ್ಪರಿಗೆ. ಚರ್ಮದ ಹತ್ತಿರ ಅದನ್ನು ಬಿಟ್ಟುಕೊಳ್ಳುವುದಿಲ್ಲ. ಕುಚ್ಚಿನ ಗಂಟಿನ ಬುಡದಲ್ಲಿ ಉಳಿಯುವ ದಾರದ ತುದಿ ಇದೆಯಲ್ಲ, ಯಾವ ಕತ್ತರಿಗೂ ಸಿಗದ್ದು, ಅದನ್ನು ಟಕ್ ಅಂತ ಕತ್ತರಿಸುತ್ತದೆ. ಈಗ ಸೂಜಿ ಡಬ್ಬದಲ್ಲೇ ಇಟ್ಟಿದ್ದೇನೆ.