ಫ್ಲೆಕ್ಸ್ ಬಿಡಿ, ಬದಲಿ ಪೀರಿಯಡ್ ಪುಸ್ತಕ ಕೇಳಿ: ಉಡುಪಿ ಬದಿಯ ಒಂದು ಪ್ರೌಢಶಾಲೆ

ಮೇ ತಿಂಗಳಲ್ಲಿ ಉಡುಪಿಯ ಶಾಲೆಗಳ ಗೇಟಿನ ತುಂಬ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಫ್ಲೆಕ್ಸ್‌ಗಳೇ. ಜಿಲ್ಲೆಯ ಒಟ್ಟು ಫಲಿತಾಂಶವೇ 2024ರಲ್ಲಿ ಶೇ. 94, 2025ರಲ್ಲಿ ಶೇ. 89.96 ಇರುವ ಊರಲ್ಲಿ ಆ ಫ್ಲೆಕ್ಸ್‌ನಿಂದ ತಿಳಿಯುವುದು ಅಷ್ಟಕ್ಕಷ್ಟೆ. ಹೆಚ್ಚಿನ ವಿಷಯಗಳಲ್ಲಿ 20 ಅಂಕ ಶಾಲೆಯೇ ಹಾಕುವಂಥದ್ದು, ಅಲ್ಲಿ ಕೈ ಬಿಗಿ ಹಿಡಿಯುವವರು ಅಪರೂಪ.

ನಗರದ ಹೊರವಲಯದ ಈ ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟರಿಂದ ಹತ್ತರವರೆಗೆ ಸುಮಾರು 240 ಮಕ್ಕಳಿದ್ದಾರೆ. ಕಟ್ಟಡ ಹಳೆಯದು, ಲ್ಯಾಬ್ ಸಾಧಾರಣ. ಆದರೆ ಇಲ್ಲಿಯ ಹೆಡ್‌ಮಿಸ್ ಒಂದೊಂದು ಪೀರಿಯಡನ್ನೂ ದುಡ್ಡಿನ ಹಾಗೆ ಎಣಿಸುತ್ತಾರೆ.

ಮಳೆ ರಜೆಯನ್ನೇ ನೋಡಿ. ಜೂನ್‌-ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಐದು ದಿನ ರಜೆ ಕೊಟ್ಟರೆ, ದಿನಕ್ಕೆ ಎಂಟರಂತೆ 40 ಪೀರಿಯಡ್ ಹೋಯಿತು. ಅದನ್ನು ಶನಿವಾರ ಮಧ್ಯಾಹ್ನ ಪಾಠ ಮಾಡಿ ಸರಿದೂಗಿಸುವುದು ಎಲ್ಲ ಕಡೆ ಇದೆ. ತಪ್ಪುವುದೆಲ್ಲಿ ಎಂದರೆ, ಬಹಳ ಶಾಲೆಗಳಲ್ಲಿ ಆ ಮಧ್ಯಾಹ್ನವನ್ನು ಯಾರು ಖಾಲಿ ಇದ್ದಾರೋ ಅವರಿಗೆ ಹಂಚಿಬಿಡುತ್ತಾರೆ. ದಿನಗಳ ಲೆಕ್ಕ ಸರಿಯಾಗುತ್ತದೆ, ಗಣಿತದ ಲೆಕ್ಕ ಆಗುವುದಿಲ್ಲ. ಇಲ್ಲಿ ರಜೆ ಬಿದ್ದದ್ದು ಸೋಮವಾರವಾದರೆ ಶನಿವಾರ ಮಧ್ಯಾಹ್ನ ನಡೆಯುವುದು ಸೋಮವಾರದ ವೇಳಾಪಟ್ಟಿ. ಮಧ್ಯಾಹ್ನಕ್ಕೆ ಮೂರೇ ಪೀರಿಯಡ್ ಸಿಗುವುದರಿಂದ 40ನ್ನು ತುಂಬಲು ಹದಿಮೂರು-ಹದಿನಾಲ್ಕು ಶನಿವಾರ ಬೇಕು. ಹಾಗಾಗಿ ಹತ್ತನೆಯವರ ಗಣಿತ, ವಿಜ್ಞಾನ ಮೊದಲು. ಆಟದ ಪೀರಿಯಡ್‌ಗೆ ಕೈ ಹಾಕುವಂತಿಲ್ಲ.

ಮಳೆಗಿಂತ ದೊಡ್ಡ ಸೋರಿಕೆ ಬಿಸಿಯೂಟದ ಸಾಲಿನಲ್ಲಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಡಿಸುವುದು ತಡವಾಗಿ ಮಧ್ಯಾಹ್ನದ ಮೊದಲ ಪಾಠ ದಿನವೂ ಹತ್ತು ನಿಮಿಷ ಹಿಂದೆ ಬಿದ್ದರೆ, 220 ದಿನಕ್ಕೆ 2,200 ನಿಮಿಷ. ಎಂದರೆ ನಲವತ್ತು ನಿಮಿಷದ 55 ಪೀರಿಯಡ್! ಇಲ್ಲಿ ಎರಡು ಕಡೆ ಬಡಿಸುತ್ತಾರೆ, ಎಂಟನೆಯವರನ್ನು ಐದು ನಿಮಿಷ ಮೊದಲೇ ಬಿಡುತ್ತಾರೆ, ತಟ್ಟೆ ತೊಳೆಯಲು ನಳ್ಳಿಗಳನ್ನು ಹೆಚ್ಚಿಸಿದ್ದಾರೆ. ನಳ್ಳಿ ಹಾಕಿಸಿಕೊಟ್ಟದ್ದು ಹಳೆ ವಿದ್ಯಾರ್ಥಿ ಸಂಘ. ಸ್ಮಾರ್ಟ್ ಬೋರ್ಡ್ ಕೊಡುತ್ತೇವೆಂದು ಬಂದವರನ್ನು ನಳ್ಳಿಗೆ ಒಪ್ಪಿಸುವುದು ಸಣ್ಣ ಕೆಲಸವಲ್ಲ.

ಶಿಕ್ಷಕರು ರಜೆ ಹಾಕಿದ ದಿನ, ಅವರ ತರಗತಿಗೆ ಯಾರು ಹೋಗಬೇಕೆಂದು ಬರೆಯುವ ಬದಲಿ ಪೀರಿಯಡ್ ಪುಸ್ತಕ ಬೆಳಗ್ಗೆ ಒಂಬತ್ತೂವರೆಗೇ ತಯಾರು. ಅದೇ ವಿಷಯದ ಇನ್ನೊಬ್ಬರು ಬಿಡುವಾಗಿದ್ದರೆ ಅವರು, ಇಲ್ಲದಿದ್ದರೆ ಮೊದಲೇ ಮಾಡಿಟ್ಟ ಅಭ್ಯಾಸ ಹಾಳೆ. ಪಿ.ಟಿ. ಮಾಸ್ಟ್ರನ್ನು ಕಳಿಸಿ ‘ಗಲಾಟೆ ಆಗದ ಹಾಗೆ ನೋಡಿಕೊಳ್ಳಿ’ ಎನ್ನುವ ಪದ್ಧತಿ ಇಲ್ಲ.

ಹೆಡ್‌ಮಿಸ್ ವಾರಕ್ಕೆ ಎರಡು ಪಾಠ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಒಂಬತ್ತು ಶಿಕ್ಷಕರಿಗೆ ನಾಲ್ಕೈದು ವಾರಕ್ಕೊಮ್ಮೆ ಸರದಿ. ಆಗ ಮೂರು ನೋಟ್ಸ್ ಪುಸ್ತಕ ತೆಗೆಸುತ್ತಾರೆ: ಮುಂದಿನ ಬೆಂಚಿನದು, ಕೊನೆಯ ಬೆಂಚಿನದು, ಹಿಂದಿನ ವಾರ ಗೈರಾದ ಮಗುವಿನದು. ಮೂರನೆಯದರಲ್ಲೇ ನಿಜ ಸಿಗುತ್ತದೆ. ಹಬ್ಬಕ್ಕೆಂದು ಬಾಗಲಕೋಟೆ, ಗದಗದ ಕಡೆಗೆ ಹೋಗಿ ಬರುವ ಕಟ್ಟಡ ಕಾರ್ಮಿಕರ ಮಕ್ಕಳ ಪುಸ್ತಕದಲ್ಲಿ ಖಾಲಿ ಪುಟ ಕಂಡರೆ, ಅದನ್ನು ತುಂಬಿಸುವ ಹೊಣೆ ಆ ವಿಷಯದ ಶಿಕ್ಷಕರದು. ನೋಡಿದ ದಿನವೇ ಶಿಕ್ಷಕರಿಗೆ ಒಂದೇ ಒಂದು ಮಾತು ಹೇಳುತ್ತಾರೆ. ಹತ್ತು ಕೊರತೆ ಪಟ್ಟಿ ಮಾಡಿದರೆ ಯಾರೂ ಒಂದನ್ನೂ ತಿದ್ದಿಕೊಳ್ಳುವುದಿಲ್ಲ.

ಇನ್ನು ಕೊರತೆಗಳು. ನಿವೃತ್ತರಾದ ಹಿಂದಿ ಶಿಕ್ಷಕರ ಜಾಗ ತುಂಬಿಲ್ಲ. ಆಡಳಿತ ಮಂಡಳಿ ಸಂಬಳ ಕೊಡುವ ಗೌರವ ಶಿಕ್ಷಕಿಯರು ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದರೆ ನಡುವರ್ಷದಲ್ಲೇ ಹೋಗುತ್ತಾರೆ, ಹಿಂದಿಗೆ ಮನೆಯಲ್ಲೂ ಸ್ವಲ್ಪ ಗಮನ ಬೇಕು. ಗುಮಾಸ್ತರಿಲ್ಲದ್ದರಿಂದ ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ), ಯುಡೈಸ್ (ಶಾಲೆಯ ಅಂಕಿಅಂಶ), ಬಿಸಿಯೂಟದ ಲೆಕ್ಕ ಎಲ್ಲ ಹೆಡ್‌ಮಿಸ್ ತಲೆಗೇ. ಆ ಕೆಲಸ ಒತ್ತಿಬಂದ ವಾರ ಪಾಠ ನೋಡುವುದು ನಿಂತೇಹೋಗುತ್ತದೆ. ಶಿಕ್ಷಕ-ರಕ್ಷಕ ಸಂಘದ ಸಭೆ ಕೆಲಸದ ದಿನ ಹನ್ನೊಂದಕ್ಕೆ ಇಡುವುದರಿಂದ ದಿನಗೂಲಿಯ ತಂದೆತಾಯಿ ಬರುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಇಷ್ಟೂ ಲೆಕ್ಕ ಇರುವುದು ಒಬ್ಬರ ಡೈರಿಯಲ್ಲಿ. ಹೆಡ್‌ಮಿಸ್ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಸಭೆಗೆ ಹೋದ ದಿನ ಬದಲಿ ಪುಸ್ತಕ ಬರೆಯಲು ಹಿರಿಯ ಶಿಕ್ಷಕರು ಹಿಂದೆಮುಂದೆ ನೋಡುತ್ತಾರೆ. ಮಗುವನ್ನು ಸೇರಿಸುವ ಮೊದಲು ಶಾಲೆ ನೋಡಬೇಕೆಂದಿದ್ದರೆ ಅಂಥ ದಿನವೇ, ಮಧ್ಯಾಹ್ನ ಊಟದ ಗಂಟೆ ಮುಗಿದ ಐದು ನಿಮಿಷಕ್ಕೆ ಹೋಗಿ.