ಹಳೇ ಸ್ಕ್ಯಾನ್ ಫಿಲಂ ಗುಜರಿಗೆ ಹಾಕಬೇಡಿ

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದು, ಸ್ಕ್ಯಾನ್ ರಿಪೋರ್ಟಿನಲ್ಲಿ ಮೆದುಳಲ್ಲಿ ಗಂಟಿದೆ ಅಂತ ಬರೆದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮ ಇಲ್ಲದ ಕಾಯಿಲೆಗೆ ಐದು ತಿಂಗಳು ಮಾತ್ರೆ ನುಂಗಿದ.

ಮಂಡ್ಯದ ಹತ್ತಿರದ ನಮ್ಮೂರಲ್ಲಿ ಅವನದು ಆಲೆಮನೆ ಕೆಲಸ. ಒಂದು ಬೆಳಿಗ್ಗೆ ಪಾಕ ಕುದಿಯುತ್ತಿದ್ದ ಕೊಪ್ಪರಿಗೆಯಿಂದ ಎರಡೇ ಮಾರು ದೂರದಲ್ಲಿ ಬಿದ್ದ. ಎಡಗೈ ಅದುರುತ್ತಿತ್ತು, ಬಾಯಲ್ಲಿ ನೊರೆ. ಜನ ಓಡಿಬಂದು ಕೈಗೆ ಬೀಗದ ಕೀ ಹಿಡಿಸಿದರು. (ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ.)

ಆಸ್ಪತ್ರೆಯಲ್ಲಿ ಎಂಆರ್‌ಐ ಒಂದನ್ನೇ ಮಾಡಿದರು. ಟಿಬಿ ಗಂಟು ಇರಬಹುದು, ಗಡ್ಡೆಯೂ ಇರಬಹುದು ಅಂತ ರಿಪೋರ್ಟಿನಲ್ಲಿತ್ತು. ಔಷಧಿ ಚೀಟಿಗೆ ಬರುವಷ್ಟರಲ್ಲಿ ಆ 'ಇರಬಹುದು' ಹೋಗಿ ಟಿಬಿಯೇ ಆಯಿತು. ಕಫ ನೋಡಲಿಲ್ಲ, ಎದೆಯ ಎಕ್ಸ್‌ರೇ ತೆಗೆಯಲಿಲ್ಲ. ಮೆದುಳಿನ ಟಿಬಿ, ಲಾಡಿಹುಳುವಿನ ಗುಳ್ಳೆ ನಮ್ಮ ದೇಶದಲ್ಲಿ ಅಪರೂಪವಲ್ಲ, ಅನುಮಾನ ಪಟ್ಟಿದ್ದು ತಪ್ಪಲ್ಲ. ಅನುಮಾನವನ್ನೇ ಖಾತ್ರಿ ಮಾಡಿಕೊಂಡರಲ್ಲ, ಅದು ತಪ್ಪು.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ರಿಫಾಂಪಿಸಿನ್ ಎಂಬ ಟಿಬಿ ಮಾತ್ರೆಯ ಬಣ್ಣ, ಹೆದರಬೇಕಿಲ್ಲ. ಆದರೆ ನಾಲ್ಕನೇ ತಿಂಗಳಲ್ಲಿ ಕಣ್ಣೂ ಹಳದಿಯಾಯಿತು, ಲಿವರ್‌ಗೆ ಪೆಟ್ಟು ಬಿದ್ದಿತ್ತು. ಇನ್ನೊಂದನ್ನು ಯಾರೂ ಹೇಳಿರಲಿಲ್ಲ: ಇದೇ ರಿಫಾಂಪಿಸಿನ್ ಕೆಲವು ಫಿಟ್ಸ್ ಮಾತ್ರೆಗಳ ಬಲವನ್ನೂ ತಗ್ಗಿಸುತ್ತದೆ. ಫಿಟ್ಸ್ ಹೆಚ್ಚಾಯಿತು. "ಅಕ್ಕಾ, ಇನ್ನು ನುಂಗಕ್ಕಾಗಲ್ಲ ಕಣಕ್ಕ" ಅಂತ ಅವನು ಅತ್ತ ರಾತ್ರಿ ನಾನು ಮರೆಯುವುದಿಲ್ಲ.

ಮೈಸೂರಲ್ಲಿ ನೋಡಿದ ಇನ್ನೊಬ್ಬ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮುಂಚೆ ಯಾವಾಗಲಾದ್ರೂ ತಲೆಗೆ ಸಿಟಿ ಸ್ಕ್ಯಾನ್ ಮಾಡ್ಸಿದ್ರಾ?" ಆರು ವರ್ಷದ ಹಿಂದೆ ಬೈಕಿನಿಂದ ಬಿದ್ದಾಗ ಮಾಡಿಸಿದ್ದೆವು. ಫಿಲಂ ಅಟ್ಟದ ಮೇಲೆ ಟ್ರಂಕಿನಡಿ ಸಿಕ್ಕಿತು. ಅವರು ಮಾಡಿಸಿದ ಹೊಸ ಸಿಟಿಯ ಪಕ್ಕ ಅದನ್ನು ಕಿಟಕಿ ಬೆಳಕಿಗೆ ಹಿಡಿದರು. ಎರಡರಲ್ಲೂ ಅದೇ ಜಾಗ, ಹೆಚ್ಚುಕಡಿಮೆ ಅಷ್ಟೇ ಗಾತ್ರ, ಸುಣ್ಣದ ಉಂಡೆಯಂಥ ಅಚ್ಚ ಬಿಳಿ ಚುಕ್ಕೆ. ಎಂಆರ್‌ಐಯಲ್ಲಿ ಅದು ಬರೀ ಕಪ್ಪಗೆ ಕಂಡಿತ್ತು. ಹೀಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿರುವುದು ಚೆನ್ನಾಗಿ ಕಾಣುವುದು ಸಿಟಿಯಲ್ಲಿ.

ಆರು ವರ್ಷದಿಂದ ಹೆಚ್ಚು ಬದಲಾಗಿಲ್ಲ, ಹಾಗಾಗಿ ಟಿಬಿ ಅನ್ನುವುದೇ ಅನುಮಾನ; ಆದರೆ ನಿಧಾನಕ್ಕೆ ಬೆಳೆಯುವ ಕೆಲವು ಗಡ್ಡೆಗಳೂ ಸುಣ್ಣ ಕಟ್ಟುತ್ತವೆ, ಗಂಟಿನ ತುಣುಕು ತೆಗೆದು ನೋಡದೆ ಹೆಸರಿಡಲಾಗದು ಎಂದರು. ಫಿಟ್ಸ್ ಹತೋಟಿಗೆ ಬಾರದ್ದರಿಂದ ಆಪರೇಷನ್ ಆಯಿತು. ತೆಗೆದ ಗಂಟನ್ನು ಪರೀಕ್ಷಿಸಿದ ಪೆಥಾಲಜಿ ರಿಪೋರ್ಟಿನಲ್ಲಿ ಬಂದ ಹೆಸರು ಕ್ಯಾಪ್‌ನಾನ್ (CAPNON), ಅಂದರೆ ಗಡ್ಡೆಯಂತೆ ಕಾಣುವ, ಸುಣ್ಣ ಕಟ್ಟಿದ ಗಂಟು. ಕ್ಯಾನ್ಸರ್ ಅಲ್ಲ, ಟಿಬಿಯೂ ಅಲ್ಲ. ಒಳಗೆ ಸುಣ್ಣ ಸೇರಿದ ರವೆಯಂಥ ಪದಾರ್ಥ, ಸುತ್ತ ಸಾಲುಗಟ್ಟಿ ನಿಂತ ಜೀವಕೋಶ. 1978ರಲ್ಲಿ ಮೊದಲು ವರದಿಯಾದ ಬಹಳ ಅಪರೂಪದ ಗಂಟಿದು. ಪೂರ್ತಿ ತೆಗೆದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ನಿಮ್ಮ ಡಾಕ್ಟರನ್ನು ಕೇಳಿ: ಯಾವ ಪರೀಕ್ಷೆಯ ಆಧಾರದ ಮೇಲೆ ಟಿಬಿ ಅನ್ನುತ್ತಿದ್ದೀರಿ, ಸಿಟಿ ಬೇಕೇ? ಕೇಳಲು ಸಂಕೋಚ ಬೇಡ. ಹಾಗಂತ ಇದನ್ನೋದಿ ಟಿಬಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ನಿಜವಾದ ಟಿಬಿಯಾಗಿದ್ದರೆ ಪ್ರಾಣಕ್ಕೆ ಬರುತ್ತದೆ. ಇನ್ನೊಬ್ಬರಿಗೆ ತೋರಿಸಿ, ಹಳೇ ಫಿಲಂ ಸಮೇತ ಹೋಗಿ.

ತಮ್ಮ ಮತ್ತೆ ಆಲೆಮನೆಗೆ ಹೋಗುತ್ತಿದ್ದಾನೆ. ಫಿಟ್ಸ್ ಮಾತ್ರೆ ಇನ್ನೂ ನಡೆಯುತ್ತಿದೆ, ಸದ್ಯಕ್ಕೆ ಕೊಪ್ಪರಿಗೆ ಹತ್ತಿರ ಅವನನ್ನು ಬಿಡುತ್ತಿಲ್ಲ.